ಒಂದು ಅಗುಳಿನ ಸಾಕ್ಷ್ಯ: ಮೈಸೂರು ಸೀಮೆಯ ಎಣಿಕೆಯಿಂದ ಮಾದರಿ ಸಮೀಕ್ಷೆಯವರೆಗೆ

ಮಡಕೆಯ ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕೆಂಬುದನ್ನು ನಮ್ಮ ಶಾಸ್ತ್ರಕಾರರು ಸ್ಥಾಲೀಪುಲಾಕ ನ್ಯಾಯವೆಂದು ಕರೆದರು. ಶಾಲೆಯ ಸಂಖ್ಯಾಶಾಸ್ತ್ರ ಪಾಠದಲ್ಲಿ ಬರುವ ಸಮಷ್ಟಿ, ಮಾದರಿ, ದತ್ತಾಂಶ ಎಂಬ ಪರಿಭಾಷೆಗಳ ತಿರುಳು ಈ ನ್ಯಾಯದಲ್ಲಿಯೇ ಅಡಗಿದೆ. ಆದರೆ ಯಾವ ಅಗುಳನ್ನು ತೆಗೆಯಬೇಕೆಂಬ ಪ್ರಶ್ನೆಗೆ ನ್ಯಾಯದಲ್ಲಿ ಉತ್ತರವಿಲ್ಲ. ಆ ಉತ್ತರದತ್ತ ಮೈಸೂರು ಸೀಮೆ ಸಾಗಿಬಂದ ದಾರಿಯ ಮೂರು ಘಟ್ಟಗಳನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯದು, ಸಿಕ್ಕವರನ್ನು ಕೇಳುವ ಘಟ್ಟ. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಬಳಿಕ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಫ್ರಾನ್ಸಿಸ್ ಬುಕಾನನ್ 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರು ಪ್ರಾಂತಗಳಲ್ಲಿ ಸಂಚರಿಸಿದನು. ಬೇಸಾಯ, ನೇಯ್ಗೆ, ವ್ಯಾಪಾರಗಳ ವಿವರಗಳಿಂದ ತುಂಬಿದ ಅವನ ಗ್ರಂಥ 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಅದರ ಚಾರಿತ್ರಿಕ ಮೌಲ್ಯ ನಿರ್ವಿವಾದವಾದುದು. ಆದರೂ ಅವನ ಮಾಹಿತಿ ಪಯಣದ ದಾರಿಗೂ ಎದುರಿಗೆ ಬಂದು ಮಾತನಾಡಿದವರಿಗೂ ಸೀಮಿತವಾದುದು. ದಾರಿಯಿಂದ ದೂರದ ಹಳ್ಳಿ ಅದರ ಹೊರಗೆ ಉಳಿಯಿತು. ಇದಲ್ಲದೆ, ಹೊಸದಾಗಿ ಗೆದ್ದ ಸರ್ಕಾರದ ಅಧಿಕಾರಿ ಬೆಳೆಯ ಪ್ರಮಾಣವನ್ನು ವಿಚಾರಿಸಿದಾಗ, ಕಂದಾಯ ಏರೀತೆಂದು ಅಂಜುವ ರೈತ ಹೇಳಬಹುದಾದ ಸಂಖ್ಯೆಯನ್ನು ಎಚ್ಚರಿಕೆಯಿಂದಲೇ ಸ್ವೀಕರಿಸಬೇಕಾಗುತ್ತದೆ. ಕೇಳುವವನು ಯಾರೆಂಬುದೂ ದತ್ತಾಂಶದ ಒಂದು ಭಾಗವೇ ಆಗಿದೆ.

ಎರಡನೆಯದು, ಎಲ್ಲರನ್ನೂ ಎಣಿಸುವ ಘಟ್ಟ. ಖಾನೇಷುಮಾರಿ ಎಂಬ ಮನೆಯೆಣಿಕೆ ಮೈಸೂರಿಗೆ ಪರಿಚಿತವಾಗಿದ್ದರೂ, ಕ್ರಮಬದ್ಧ ಜನಗಣತಿ ನಡೆದದ್ದು 1871ರ ನವೆಂಬರ್ 14ರಂದು. ಆಗ ದೊರೆತ ಜನಸಂಖ್ಯೆ 50,55,412. ಮುಂದಿನ ಗಣತಿ ನಡೆದದ್ದು 1881ರ ಫೆಬ್ರವರಿ 17ರಂದು. ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಹಸ್ತಾಂತರವಾಗುವುದಕ್ಕೆ ಕೆಲವೇ ವಾರಗಳ ಮುನ್ನ. ಆ ಗಣತಿಯ ಮೊತ್ತ 41,86,188. ನಡುವೆ 1876-78ರ ಭೀಕರ ಕ್ಷಾಮ ಸಂಭವಿಸಿತ್ತು.

ಎರಡು ಗಣತಿಗಳ ಅಂತರ 8,69,224. ಅಂದರೆ ಶೇಕಡಾ 17ಕ್ಕಿಂತ ಹೆಚ್ಚು. ಇದನ್ನು ಸತ್ತವರ ಸಂಖ್ಯೆಯೆಂದೇ ಓದುವುದು ಸುಲಭ, ಆದರೆ ಸರಿಯಲ್ಲ. ಊರು ಬಿಟ್ಟುಹೋದವರೂ ಹುಟ್ಟದೆಹೋದ ಮಕ್ಕಳೂ ಇದರಲ್ಲಿ ಸೇರಿದ್ದಾರೆ. ಇನ್ನೊಂದೆಡೆ, 1871ರಿಂದ ಕ್ಷಾಮದವರೆಗೆ ಜನಸಂಖ್ಯೆ ಹೆಚ್ಚಿದ್ದರೆ ನಿಜವಾದ ನಷ್ಟ ಈ ಅಂತರಕ್ಕಿಂತ ದೊಡ್ಡದು. ಗಣತಿಯು ಎರಡು ದಿನಗಳ ಚಿತ್ರವನ್ನು ನೀಡುತ್ತದೆ; ನಡುವಣ ವರ್ಷಗಳಲ್ಲಿ ಯಾರು, ಯಾವಾಗ, ಹೇಗೆ ಇಲ್ಲವಾದರೆಂಬುದನ್ನು ಅದು ತಾನಾಗಿ ಹೇಳಲಾರದು.

ಮೂರನೆಯದು, ಆಯ್ದು ಆಳವಾಗಿ ಕೇಳುವ ಘಟ್ಟ. ಪ್ರಶಾಂತಚಂದ್ರ ಮಹಲನೋಬಿಸ್ ಅವರ ಮಾರ್ಗದರ್ಶನದಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ 1950ರಲ್ಲಿ ಆರಂಭವಾಯಿತು. ಅದರ ಬೆನ್ನಿಗೇ, ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರದ ಸಹಯೋಗದಲ್ಲಿ 1951-52ರಲ್ಲಿ ಮೈಸೂರು ಜನಸಂಖ್ಯಾ ಅಧ್ಯಯನವು ನಡೆಯಿತು. ಬೆಂಗಳೂರು ನಗರವೂ ಗ್ರಾಮಾಂತರ ಪ್ರದೇಶಗಳೂ ಅದರಲ್ಲಿ ಸೇರಿದ್ದವು. ಆಯ್ದ ಮನೆಗಳಲ್ಲಿ ಜನನ, ಮರಣ, ವಿವಾಹ, ಕುಟುಂಬದ ಗಾತ್ರ ಕುರಿತ ಅಭಿಪ್ರಾಯ ಇವುಗಳನ್ನು ವಿಚಾರಿಸಲಾಯಿತು. ವರದಿ 1961ರಲ್ಲಿ ಪ್ರಕಟವಾಯಿತು. ಮನೆಗಳ ಸಂಖ್ಯೆಯನ್ನು ಮಿತಗೊಳಿಸಿದ್ದರಿಂದಲೇ ಪ್ರಶ್ನೆಗಳ ಆಳವನ್ನು ಹೆಚ್ಚಿಸಲು ಸಾಧ್ಯವಾಯಿತು.

ಈ ಮೂರು ಪಾಠಗಳನ್ನು ಬೆಂಗಳೂರಿನ ದಕ್ಷಿಣದ ವಸಂತಪುರದಲ್ಲಿ ಇಂದಿಗೂ ಪರೀಕ್ಷಿಸಬಹುದು. ಮನೆಗಳಿಗೆ ನೀರು ಎಲ್ಲಿಂದ ಬರುತ್ತದೆಂದು ಅಲ್ಲಿನ ಶಾಲಾಮಕ್ಕಳು ತಿಳಿಯಬಯಸಿದರೆನ್ನೋಣ. ವಸಂತವಲ್ಲಭರಾಯ ಸ್ವಾಮಿ ದೇವಾಲಯದ ಬಾಗಿಲಲ್ಲಿ ನಿಂತು ಕೇಳಿದರೆ ಅದು ಬುಕಾನನ್ನನ ಕ್ರಮವಾಗುತ್ತದೆ: ಬಂದವರ ಉತ್ತರವಷ್ಟೇ ಸಿಗುತ್ತದೆ. ಎಲ್ಲ ಮನೆಗಳನ್ನೂ ಸುತ್ತಲು ಕಾಲ ಸಾಲದು. ಪ್ರದೇಶದಲ್ಲಿ 1,000 ಮನೆಗಳಿದ್ದು, 600 ಬಡಾವಣೆಯ ಮನೆಗಳು, 300 ಅಪಾರ್ಟ್‌ಮೆಂಟ್‌ಗಳು, 100 ಕಟ್ಟಡ ಕಾರ್ಮಿಕರ ಶೆಡ್ಡುಗಳೆಂದು ಭಾವಿಸಿದರೆ, 50 ಮನೆಗಳ ಮಾದರಿಯಲ್ಲಿ ಕ್ರಮವಾಗಿ 30, 15, 5 ಮನೆಗಳನ್ನು ಚೀಟಿ ಎತ್ತಿ ಆರಿಸಬೇಕು. ಬೀಗ ಹಾಕಿದ ಮನೆಗೆ ಮತ್ತೊಮ್ಮೆ ಹೋಗಬೇಕು. ಅದರ ಬದಲು ಪಕ್ಕದ ಮನೆಯನ್ನು ಕೇಳಿದರೆ, ಹಗಲೆಲ್ಲ ದುಡಿಯಲು ಹೋಗುವವರು ಲೆಕ್ಕದಿಂದ ಜಾರುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದುದು ಮನೆಗಳ ಪಟ್ಟಿ. ಹಳೆಯ ಪಟ್ಟಿಯಲ್ಲಿ ಶೆಡ್ಡುಗಳಿಲ್ಲದಿದ್ದರೆ ಚೀಟಿಯನ್ನು ಎಷ್ಟೇ ನ್ಯಾಯವಾಗಿ ಎತ್ತಿದರೂ ಅವು ಬರಲಾರವು. ನೀರಿಗಾಗಿ ಅತಿ ಹೆಚ್ಚು ಪರದಾಡುವವರೂ ಬಹುಶಃ ಅಲ್ಲಿಯವರೇ. ಚೆನ್ನಾಗಿ ಕಲಸಿದ ಮಡಕೆಯಲ್ಲಿ ಮಾತ್ರ ಒಂದು ಅಗುಳು ಇಡೀ ಅನ್ನದ ಪರವಾಗಿ ಸಾಕ್ಷಿ ನುಡಿಯಬಲ್ಲದು. ಹಾಗೆ ಕಲಸುವ ಶ್ರಮಕ್ಕೇ ಸಂಖ್ಯಾಶಾಸ್ತ್ರವು ಮಾದರಿ ಆಯ್ಕೆಯೆಂದು ಹೆಸರಿಟ್ಟಿದೆ.