ಒಂದು ವರ್ಷ ಕಂಪನಿಯಲ್ಲಿ: ಇದು ಓದೋ, ದುಡಿತವೋ?

ಮುಗದ ರೇಲ್ವೆ ಸ್ಟೇಷನ್ನಿನಲ್ಲಿ ಧಾರವಾಡದ ಗಾಡಿಗೆ ಕಾಯುತ್ತ ಕೂತಿದ್ದಾಗ ಪರಿಚಯದ ರೈತರೊಬ್ಬರು ತಮ್ಮ ಫೋನನ್ನು ನಮ್ಮ ಕೈಗೆ ಕೊಟ್ಟರು. ಮಗಳು ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ಅವಳು ಹುಡುಕಿ ತೆಗೆದ ಇಂಗ್ಲೆಂಡಿನ ಕೋರ್ಸೊಂದು ಅದರಲ್ಲಿತ್ತು. ರಸಾಯನಶಾಸ್ತ್ರ ಮತ್ತು ಬಯೋಮೆಡಿಸಿನ್, ಒಟ್ಟು ನಾಲ್ಕು ವರ್ಷ. ಅದರಲ್ಲಿ ಒಂದು ವರ್ಷ ಔಷಧ ಕಂಪನಿಯಲ್ಲಿ ಕೆಲಸ.

"ತಮ್ಮಾ, ಇಂಗ್ಲೆಂಡಿಗೆ ಯಾರ ಹೋಗ್ತಾರ, ಅದು ಬ್ಯಾರೆ ಮಾತು. ಆದ್ರ ಇಂಥಾದ್ದ ನಮ್ಮ ಕಡೇನೂ ಬರಾಕತ್ತೈತಂತ. ಫೀ ಕಟ್ಟಾವ್ರೂ ನಾವ, ಕಂಪನ್ಯಾಗ ದುಡಿಯಾವ್ರೂ ನಾವ. ಇದು ಓದು ಹೆಂಗ ಆಕ್ಕೈತಿ?"

ಗಾಡಿ ಬಂತು. ಉತ್ತರ ಕೊಡಲು ಆಗಲಿಲ್ಲ. ಆದರೆ ಪ್ರಶ್ನೆ ನಮ್ಮ ಜೊತೆಗೇ ಬಂತು. ಹಳೆಯ ಸಂಗತಿಗಳನ್ನು ಓದುತ್ತ ಹೋದಾಗ, ಇದಕ್ಕೆ ಒಂದು ಉತ್ತರ ನಮ್ಮ ಜಿಲ್ಲೆಯ ಚರಿತ್ರೆಯಲ್ಲೇ ಸಿಕ್ಕಿತು.

1898ರ ಹುಬ್ಬಳ್ಳಿ

1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ನಮ್ಮ ಹಿರಿಯರ ಬಾಯಲ್ಲಿ ಅದು 'ಪಿಲೇಗು'. ಬಂದರು ಮತ್ತು ರೈಲಿನ ದಾರಿ ಹಿಡಿದು ಅದು ಊರಿಂದೂರಿಗೆ ಹರಡಿತು. ಹುಬ್ಬಳ್ಳಿ, ಧಾರವಾಡ, ಗದಗ ಯಾವುವೂ ಉಳಿಯಲಿಲ್ಲ. ಜನ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿಕೊಂಡರು.

1898ರಲ್ಲಿ ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ಸರ್ಕಾರಿ ವೈದ್ಯ ಊರಿಗೆ ಊರನ್ನೇ ಸಾಲಾಗಿ ನಿಲ್ಲಿಸಿ ಲಸಿಕೆ ಹಾಕಿಸಿದ. ಕೆಲವೇ ತಿಂಗಳಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಚುಚ್ಚಿಸಿಕೊಂಡರು. ಹಾಕಿಸಿಕೊಂಡವರಿಗಿಂತ ಹಾಕಿಸಿಕೊಳ್ಳದವರಲ್ಲೇ ಸಾವು ಬಹಳ ಹೆಚ್ಚು ಎಂಬುದು ಹುಬ್ಬಳ್ಳಿಯ ಲೆಕ್ಕದಿಂದ ಕಂಡುಬಂತು. ಪ್ಲೇಗಿನ ಲಸಿಕೆಯ ಬಗ್ಗೆ ಆಗ ಜಗತ್ತಿನಲ್ಲಿ ನಡೆಯುತ್ತಿದ್ದ ಚರ್ಚೆಯಲ್ಲಿ ನಮ್ಮ ಹುಬ್ಬಳ್ಳಿಯ ಹೆಸರು ಮತ್ತೆ ಮತ್ತೆ ಬರುತ್ತಿತ್ತು.

ತುಪ್ಪದಲ್ಲಿ ಬೆಳೆದ ಲಸಿಕೆ

ಈ ಲಸಿಕೆ ಮಾಡಿದವರು ವಾಲ್ಡೆಮಾರ್ ಹಾಫ್‌ಕಿನ್. ಹುಟ್ಟಿದ್ದು 1860ರಲ್ಲಿ, ಒಡೆಸ್ಸಾದಲ್ಲಿ. ಅವರು ವೈದ್ಯರಲ್ಲ, ಓದಿದ್ದು ಪ್ರಾಣಿಶಾಸ್ತ್ರ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಗೆ ಸೇರಿದಾಗ ಅವರಿಗೆ ಸಿಕ್ಕಿದ್ದು ಲೈಬ್ರರಿಯ ಕೆಲಸ. ಅಲ್ಲಿಂದ ಪ್ರಯೋಗಶಾಲೆಯೊಳಗೆ ಕಾಲಿಟ್ಟು, ಕೈಕೆಲಸ ಕಲಿತು ಮೇಲೆ ಬಂದರು.

ಮುಂಬಯಿಯ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನ ಸಣ್ಣ ಜಾಗದಲ್ಲಿ ಅವರ ಕೆಲಸ ಶುರುವಾಯಿತು. ವಿಧಾನ ಕೇಳಿದರೆ ಅಡುಗೆ ಮನೆಯ ಮಾತಿನಂತಿದೆ. ಗಾಜಿನ ಬುರುಡೆಯಲ್ಲಿ ಮಾಂಸದ ಸಾರು, ಮೇಲೆ ತೇಲುವಂತೆ ನಾಲ್ಕು ಹನಿ ತುಪ್ಪ. ತುಪ್ಪದ ಹನಿಗೆ ಅಂಟಿಕೊಂಡು ಪ್ಲೇಗಿನ ರೋಗಾಣುಗಳು ಬೇರಿನ ಹಾಗೆ ಕೆಳಗೆ ಇಳಿಯುತ್ತ ಬೆಳೆಯುತ್ತಿದ್ದವು. ಆಗಾಗ ಬುರುಡೆ ಅಲುಗಾಡಿಸಿ ಅವನ್ನು ಉದುರಿಸಿ ಮತ್ತೆ ಬೆಳೆಯಲು ಬಿಡುವುದು. ಹೀಗೆ ವಾರಗಟ್ಟಲೆ. ಆಮೇಲೆ ಬಿಸಿ ಮಾಡಿ ರೋಗಾಣುಗಳನ್ನು ಕೊಂದು, ಕೆಡದಂತೆ ಕಾರ್ಬಾಲಿಕ್ ಆಮ್ಲ ಸೇರಿಸಿ ಬಾಟಲಿಗೆ ತುಂಬುವುದು.

ರೋಗಾಣು ಬೆಳೆಸುವುದು ಜೀವಶಾಸ್ತ್ರ. ಎಷ್ಟು ಬಿಸಿ, ಎಷ್ಟು ಆಮ್ಲ ಎನ್ನುವುದು ರಸಾಯನಶಾಸ್ತ್ರ. ಸಾವಿರ ಬಾಟಲಿಯೂ ಒಂದೇ ಹದದಲ್ಲಿ ಬರಬೇಕು, ಅದು ಕಾರ್ಖಾನೆಯ ವಿದ್ಯೆ. ಇವತ್ತು ಕೆಮಿಸ್ಟ್ರಿ, ಬಯೋಮೆಡಿಸಿನ್, ಇಂಡಸ್ಟ್ರಿ ಎಂದು ಮೂರು ಹೆಸರಿಟ್ಟು ಕಲಿಸುವುದು ಅಂದು ಒಂದೇ ಕೋಣೆಯಲ್ಲಿತ್ತು.

1897ರ ಜನವರಿ 10ರಂದು ಹಾಫ್‌ಕಿನ್ ಮೊದಲು ತಮಗೇ ಚುಚ್ಚಿಕೊಂಡರು. 1899ರಲ್ಲಿ ಪ್ರಯೋಗಶಾಲೆ ಪರೇಲಿನ ಹಳೆಯ ಗವರ್ನರ್ ಬಂಗಲೆಗೆ ಹೋಯಿತು. 1925ರಿಂದ ಅದರ ಹೆಸರು ಹಾಫ್‌ಕಿನ್ ಸಂಸ್ಥೆ.

ನೆಲಕ್ಕೆ ಬಿದ್ದ ಚಿಮುಟ

ಇಲ್ಲಿಗೆ ಕತೆ ಮುಗಿದಿದ್ದರೆ ಚೆನ್ನಾಗಿತ್ತು. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಪ್ಲೇಗಿನ ಲಸಿಕೆ ಹಾಕಿದರು. ಅವರಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. ಆ 19 ಜನರಿಗೂ ಹಾಕಿದ್ದು ಒಂದೇ ಬಾಟಲಿಯ ಲಸಿಕೆ.

ಸರ್ಕಾರ ಹಾಫ್‌ಕಿನ್ ಅವರನ್ನು ಹೊಣೆ ಮಾಡಿತು. ಮುಂಬಯಿಯ ಪ್ರಯೋಗಶಾಲೆಯಲ್ಲಿ ಕಾರ್ಬಾಲಿಕ್ ಆಮ್ಲ ಬಿಟ್ಟು ಹೊಸ ವಿಧಾನ ಹಿಡಿದಿದ್ದೇ ತಪ್ಪು ಎಂಬುದು ಆರೋಪ. ಕೆಲಸ ಹೋಯಿತು, ಹೆಸರು ಕೆಟ್ಟಿತು. ಕಡತಗಳನ್ನು ಮತ್ತೆ ತೆರೆದಾಗ ಒಂದು ಸಣ್ಣ ಸಂಗತಿ ಸಿಕ್ಕಿತು. ಆ ದಿನ ಬಾಟಲಿಯ ಬೂಚು ತೆಗೆಯುವಾಗ ಸಹಾಯಕನ ಕೈಯಿಂದ ಚಿಮುಟ ನೆಲಕ್ಕೆ ಬಿದ್ದಿತ್ತು. ಬೆಂಕಿಗೆ ಹಿಡಿದು ಸರಿಯಾಗಿ ಶುದ್ಧ ಮಾಡದೆ ಅದನ್ನೇ ಮತ್ತೆ ಬಳಸಿದ್ದ. ಧನುರ್ವಾಯುವಿನ ರೋಗಾಣು ಇರುವುದೇ ಮಣ್ಣಿನಲ್ಲಿ. ಹಲವು ವಿಜ್ಞಾನಿಗಳು ಹಾಫ್‌ಕಿನ್ ಪರ ಬರೆದರು. 1907ರಲ್ಲಿ ಅವರ ಮೇಲಿನ ಕಳಂಕ ಹೋಯಿತು.

ರೈತರ ಪ್ರಶ್ನೆಗೆ ಉತ್ತರ ನಮಗೆ ಕಂಡಿದ್ದು ಈ ಚಿಮುಟದಲ್ಲಿ. ಚಿಮುಟ ಬಿದ್ದರೆ ಏನು ಮಾಡಬೇಕು ಎಂಬುದು ಪುಸ್ತಕದಲ್ಲಿ ಇರುತ್ತದೆ, ಪರೀಕ್ಷೆಯಲ್ಲಿ ಬರೆದರೆ ಎರಡು ಅಂಕವೂ ಸಿಗುತ್ತದೆ. ಆದರೆ ಬಿಸಿಲಿನಲ್ಲಿ ನೂರು ಜನ ಸಾಲಿನಲ್ಲಿ ನಿಂತಿರುವಾಗ, ಕೈ ತಾನಾಗಿಯೇ ಆ ಚಿಮುಟವನ್ನು ಪಕ್ಕಕ್ಕಿಟ್ಟು ಶುದ್ಧವಾದ ಇನ್ನೊಂದನ್ನು ತೆಗೆದುಕೊಳ್ಳಬೇಕು. ಆ ರೂಢಿ ಬರುವುದು ದಿನಾ ಮಾಡಿದಾಗ, ಪಕ್ಕದಲ್ಲಿ ನಿಂತು ತಿದ್ದುವವರು ಇದ್ದಾಗ.

ಮುಗದದ ಕುಂಬಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಣ್ಣಿನ ಹದ ಕೈಗೆ ತಿಳಿಯುವುದು ತಿಗರಿಯ ಮುಂದೆ ಕೂತಾಗಲೇ.

ಮೇಷ್ಟ್ರು ಕಟ್ಟಿದ ಕಾರ್ಖಾನೆಗಳು

ಆ ಕಾಲದ ಕಾಲೇಜುಗಳಿಗೂ ಕಾರ್ಖಾನೆಗಳಿಗೂ ನಂಟು ಕಡಿಮೆ. ಔಷಧ ಹಡಗಿನಲ್ಲಿ ಬರುತ್ತಿತ್ತು, ನಮ್ಮವರು ಪದವಿ ಪಡೆದು ಕಚೇರಿಯ ಕೆಲಸ ಹುಡುಕುತ್ತಿದ್ದರು. ಇದು ಸರಿಯಲ್ಲ ಎಂದು ಕೆಲವು ಮೇಷ್ಟ್ರುಗಳಿಗೆ ಅನಿಸಿತು.

ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಪ್ರಫುಲ್ಲಚಂದ್ರ ರಾಯ್ 1892ರಲ್ಲಿ ತಮ್ಮ ಬಾಡಿಗೆ ಮನೆಯಲ್ಲೇ ಔಷಧ ತಯಾರಿಕೆ ಶುರು ಮಾಡಿದರು. ಮುಂದೆ ಅದೇ ಬೆಂಗಾಲ್ ಕೆಮಿಕಲ್ಸ್ ಕಂಪನಿಯಾಯಿತು. ಪಶ್ಚಿಮದಲ್ಲಿ ತ್ರಿಭುವನದಾಸ್ ಗಜ್ಜರ್ ಬರೋಡಾದಲ್ಲಿ 1890ರಲ್ಲಿ ಕಲಾಭವನ ತೆರೆದು, ಆಮೇಲೆ ಮುಂಬಯಿಯಲ್ಲಿ ತಮ್ಮದೇ ಪ್ರಯೋಗಶಾಲೆ ನಡೆಸಿದರು. ಅವರ ಶಿಷ್ಯರು 1907ರಲ್ಲಿ ಕಟ್ಟಿದ ಅಲೆಂಬಿಕ್ ಕಂಪನಿ ಇಂದಿಗೂ ಔಷಧ ಮಾಡುತ್ತಿದೆ.

ನಮ್ಮ ಭಾಗ ಆಗ ಮುಂಬಯಿ ಪ್ರಾಂತದಲ್ಲಿತ್ತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾಗಿದ್ದು 1917ರಲ್ಲಿ. ಪದವಿ ಕೊಡುತ್ತಿದ್ದದ್ದು ಮುಂಬಯಿ ವಿಶ್ವವಿದ್ಯಾಲಯ. ನಮ್ಮದೇ ಕರ್ನಾಟಕ ವಿಶ್ವವಿದ್ಯಾಲಯ ಬಂದದ್ದು 1949ರಲ್ಲಿ, ಹುಬ್ಬಳ್ಳಿಯ ಮೆಡಿಕಲ್ ಕಾಲೇಜು 1957ರಲ್ಲಿ. ಹೀಗೆ ರಸಾಯನಶಾಸ್ತ್ರದ ಓದು, ವೈದ್ಯದ ಓದು ಎರಡೂ ಒಂದು ಗಂಟೆಯ ದಾರಿಯೊಳಗೆ ಬಂದವು. ಔಷಧದ ದೊಡ್ಡ ಕಾರ್ಖಾನೆಗಳು ಮಾತ್ರ ದೂರವೇ ಉಳಿದವು. ಮುಂಬಯಿ, ಹೈದರಾಬಾದ್, ಬೆಂಗಳೂರು, ಆಮೇಲೆ ಗೋವಾ.

ಇಬ್ಬರು ಹೆಣ್ಣುಮಕ್ಕಳು

ಇಬ್ಬರೂ ಬೇರೆ ಬೇರೆ ಕಾಲದವರು. ಇಬ್ಬರ ದಾರಿಯೂ ಬೆಂಗಳೂರಿನಲ್ಲಿ ಕೂಡುತ್ತದೆ.

1933ರಲ್ಲಿ ಮುಂಬಯಿಯಲ್ಲಿ ಪದವಿ ಪಡೆದ ಕಮಲಾ ಭಾಗವತ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಅಲ್ಲಿ 1921ರಿಂದಲೇ ಜೀವರಸಾಯನ ವಿಭಾಗವಿತ್ತು. ನಿರ್ದೇಶಕರು ಸಿ.ವಿ. ರಾಮನ್. ಹುಡುಗಿಗೆ ಸೀಟಿಲ್ಲ ಎಂದರು. ಕಮಲಾ ಪಟ್ಟು ಬಿಡಲಿಲ್ಲ. ಕೊನೆಗೆ ಒಂದು ವರ್ಷ ನೋಡೋಣ, ಕೆಲಸ ಚೆನ್ನಾಗಿದ್ದರೆ ಮಾತ್ರ ಸೇರಿಸಿಕೊಳ್ಳುತ್ತೇವೆ ಎಂಬ ಷರತ್ತಿನ ಮೇಲೆ ಒಳಗೆ ಬಿಟ್ಟರು. ಆ ಒಂದು ವರ್ಷವನ್ನು ಅವರು ಗೆದ್ದರು. ಹಾಲು, ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿ, 1939ರಲ್ಲಿ ಕೇಂಬ್ರಿಡ್ಜಿನಿಂದ ಪಿಎಚ್.ಡಿ. ಪಡೆದರು. ಕಮಲಾ ಸೊಹೊನಿ ಎಂದು ನಾವು ಓದುವುದು ಇವರ ಬಗ್ಗೆಯೇ. ಅವರ ನಂತರ ಹುಡುಗಿಯರಿಗೆ ಆ ಬಾಗಿಲು ತೆರೆಯಿತು.

ಇನ್ನೊಬ್ಬರು ಕಿರಣ್ ಮಜುಂದಾರ್ ಶಾ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಪದವಿ, ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆಯ ಓದು, ಅಲ್ಲಿಯ ಕಾರ್ಖಾನೆಯಲ್ಲೇ ತರಬೇತಿ. ಊರಿಗೆ ಮರಳಿದರೆ ಹೆಣ್ಣುಮಗಳಿಗೆ ಆ ಕೆಲಸ ಕೊಡುವವರಿಲ್ಲ. 1978ರಲ್ಲಿ ಐರ್ಲೆಂಡಿನ ಕಂಪನಿಯೊಂದರಲ್ಲಿ ತರಬೇತಿ ಪಡೆದು ಬಂದು, ಬೆಂಗಳೂರಿನ ಗ್ಯಾರೇಜೊಂದರಲ್ಲಿ 10,000 ರೂಪಾಯಿಯಿಂದ ಬಯೋಕಾನ್ ಶುರು ಮಾಡಿದರು. ಮೊದಲು ಮಾಡಿದ ವಸ್ತುಗಳಲ್ಲಿ ಪಪ್ಪಾಯಿಯಿಂದ ತೆಗೆದ ಕಿಣ್ವವೂ ಒಂದು. ಮುಂದೆ ಅದೇ ಕಂಪನಿ ಇನ್ಸುಲಿನ್ ಮಾಡಿತು.

ಇಬ್ಬರಿಗೂ ಪದವಿ ಇತ್ತು. ಇಬ್ಬರ ಬದುಕು ತಿರುಗಿದ್ದು ಪದವಿಯ ಆಚೆ, ಕೆಲಸದ ಮೇಜಿನ ಮುಂದೆ ಕಳೆದ ದಿನಗಳಲ್ಲಿ. ಆದರೆ ಇಬ್ಬರ ಮನೆಯಲ್ಲೂ ಓದಿದವರಿದ್ದರು, ಕಾಯುವ ಶಕ್ತಿಯಿತ್ತು ಎಂಬುದನ್ನು ಮರೆಯಬಾರದು.

ಎರಡು ರೊಟ್ಟಿ, ನಡುವೆ ಪಲ್ಯ

ಓದಿನ ನಡುವೆ ಕೆಲಸ ಇಡುವ ಈ ಪದ್ಧತಿಗೆ ಇಂಗ್ಲೆಂಡಿನಲ್ಲಿ ಸ್ಯಾಂಡ್‌ವಿಚ್ ಕೋರ್ಸ್ ಎನ್ನುತ್ತಾರೆ. ಎರಡು ರೊಟ್ಟಿಯ ನಡುವೆ ಪಲ್ಯ ಇಟ್ಟ ಹಾಗೆ. 1903ರಲ್ಲಿ ಸಂಡರ್‌ಲ್ಯಾಂಡ್ ತಾಂತ್ರಿಕ ಕಾಲೇಜಿನಲ್ಲಿ ಇದು ಎಂಜಿನಿಯರಿಂಗ್ ಹುಡುಗರಿಗೆ ಶುರುವಾಯಿತು. 1906ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲೂ ಬಂತು. ರಸಾಯನಶಾಸ್ತ್ರ, ಬಯೋಮೆಡಿಸಿನ್‌ಗೆ ಬಂದದ್ದು ಆಮೇಲೆ.

ನಮ್ಮಲ್ಲಿ 1961ರ ಅಪ್ರೆಂಟಿಸ್ ಕಾಯ್ದೆ ಮೊದಲು ಐಟಿಐ ಹುಡುಗರಿಗೆ, 1973ರ ತಿದ್ದುಪಡಿಯಿಂದ ಎಂಜಿನಿಯರುಗಳಿಗೆ ದಾರಿ ಮಾಡಿತು. ಬಿ.ಎಸ್ಸಿ., ಬಿ.ಎ. ಓದಿದವರಿಗೆ ಅದು ತೆರೆದದ್ದು 2014ರ ತಿದ್ದುಪಡಿಯಲ್ಲಿ. 2019ರ ನಿಯಮ ಪದವೀಧರ ಅಪ್ರೆಂಟಿಸರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಎಂದು ಗೊತ್ತು ಮಾಡಿತು. 2020ರಲ್ಲಿ ಯುಜಿಸಿ ಪದವಿಯೊಳಗೇ ಅಪ್ರೆಂಟಿಸ್ ಅವಧಿ ಸೇರಿಸಲು ದಾರಿ ತೋರಿಸಿತು. ಬಿ.ಫಾರ್ಮ್ ಓದುವವರಿಗೆ ಆರನೇ ಸೆಮಿಸ್ಟರ್ ಮುಗಿದ ಮೇಲೆ 150 ಗಂಟೆ ತರಬೇತಿ ಕಡ್ಡಾಯ. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು.

ಮುಗದದವರಿಗೆ ಇದರ ಇನ್ನೊಂದು ರೂಪ ಗೊತ್ತು. ಊರಿನ ಭತ್ತದ ಸಂಶೋಧನಾ ಕೇಂದ್ರದಿಂದಲೇ 'ಮುಗದ ಸುಗಂಧ' ತಳಿ ಬಂದದ್ದು. ಕೃಷಿ ವಿಶ್ವವಿದ್ಯಾಲಯಗಳ ಪದವಿ ವಿದ್ಯಾರ್ಥಿಗಳು ಕೊನೆಯ ವರ್ಷ ಹಳ್ಳಿಯಲ್ಲಿ ತಂಗಿ, ರೈತರ ಜೊತೆ ಹೊಲಕ್ಕೆ ಹೋಗಿ ಕಲಿಯುತ್ತಾರೆ. ಅವರನ್ನು ಕೂಲಿಯವರು ಎಂದು ಯಾರೂ ಅನ್ನುವುದಿಲ್ಲ. ಏಕೆಂದರೆ ಅವರ ಹಿಂದೆ ಮೇಷ್ಟ್ರು ಇರುತ್ತಾರೆ, ಅಂಕ ಇರುತ್ತದೆ, ವರದಿ ಬರೆಯಬೇಕು.

ಹಾಗಾದರೆ ಏನು ಕೇಳಬೇಕು?

ವ್ಯತ್ಯಾಸ ಇರುವುದು ಅಲ್ಲೇ. ಕಂಪನಿಯ ವರ್ಷ ಓದಾಗಬಹುದು, ಬರೀ ದುಡಿತವೂ ಆಗಬಹುದು. ಬಾಟಲಿಗೆ ಚೀಟಿ ಅಂಟಿಸುವುದರಲ್ಲೇ ಆರು ತಿಂಗಳು ಕಳೆದು ಬಂದವರನ್ನೂ ನಾವು ನೋಡಿದ್ದೇವೆ. ಆದ್ದರಿಂದ ಸೇರುವ ಮೊದಲೇ ಕಾಲೇಜಿನಲ್ಲಿ ಇಷ್ಟನ್ನು ಕೇಳಿ, ಉತ್ತರ ಕಾಗದದ ಮೇಲೆ ಪಡೆಯಿರಿ:

- ಆ ಅವಧಿಗೆ ತಿಂಗಳ ಭತ್ಯೆ ಎಷ್ಟು? ಕಾಲೇಜಿನ ಫೀ ಪೂರ್ತಿಯೋ, ಅರ್ಧವೋ?
- ಕೆಲಸಕ್ಕೆ ಅಂಕ, ಕ್ರೆಡಿಟ್ ಉಂಟೋ?
- ಕಂಪನಿಯಲ್ಲಿ ಕಲಿಸುವವರು ಯಾರು? ಕಾಲೇಜಿನ ಮೇಷ್ಟ್ರು ಎಷ್ಟು ಸಲ ಬಂದು ನೋಡುತ್ತಾರೆ?
- ಯಾವ ವಿಭಾಗದಲ್ಲಿ ಎಷ್ಟು ತಿಂಗಳು? ಪರೀಕ್ಷಾ ಪ್ರಯೋಗಶಾಲೆಯಲ್ಲಿ ಕೈಹಾಕಲು ಬಿಡುತ್ತಾರೋ?
- ಹುಡುಗಿಯರಿಗೆ ಹಾಸ್ಟೆಲ್, ರಾತ್ರಿ ಪಾಳಿಯ ನಿಯಮ, ರಾಸಾಯನಿಕ ತಗುಲಿದರೆ ವಿಮೆ ಏನು?

ಮುಂದಿನ ವಾರ ಅದೇ ರೈತರು ಮತ್ತೆ ಸಿಕ್ಕರು. ಪ್ಲೇಗಿನ ಕತೆ, ಚಿಮುಟದ ಕತೆ ಎರಡನ್ನೂ ಹೇಳಿದೆವು. ಈ ಪಟ್ಟಿಯನ್ನೂ ಅವರ ಫೋನಿಗೆ ಕಳಿಸಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

"ಕೈ ಕಲಿಯೂದು ಖರೇ ಐತಿ ತಮ್ಮಾ. ಆದ್ರ ಮೊದಲನೇ ಪ್ರಶ್ನೆ ನಾ ಕೇಳ್ತೀನಿ. ಉಳಿದದ್ದು ಅಕೀನ ಕೇಳ್ಲಿ. ಅಕೀಗೆ ಗೊತ್ತಾಕ್ಕೈತಿ."