ಗೋಧಿಯ ವೇಷ ತೊಟ್ಟ ಕಳೆ

1990ರ ದಶಕದ ಆರಂಭದಲ್ಲಿ ಹರಿಯಾಣದ ಕೆಲವು ರೈತರು ಕಾಳು ಬಲಿಯುವ ಮೊದಲೇ ತಮ್ಮ ಗೋಧಿಯನ್ನು ಹಸಿರಾಗಿಯೇ ಕೊಯ್ದು ದನಗಳ ಮುಂದೆ ಹಾಕಿದರು. ಇದಕ್ಕೆ ನೀರಿನ ಕೊರತೆ ಕಾರಣವಲ್ಲ, ರೋಗವೂ ಅಲ್ಲ. ಹೊಲದಲ್ಲಿ ಗೋಧಿಗಿಂತ ಕಳೆಯೇ ಮೇಲಾಗಿತ್ತು.

ಆ ಕಳೆಯ ಶಾಸ್ತ್ರೀಯ ಹೆಸರು ಫಲಾರಿಸ್ ಮೈನರ್. ಪಂಜಾಬಿನವರು ಅದನ್ನು ಗುಲ್ಲಿ ಡಂಡಾ ಎನ್ನುತ್ತಾರೆ, ಹರಿಯಾಣದವರು ಮಂಡೂಸಿ ಅಥವಾ ಕನಕಿ ಎನ್ನುತ್ತಾರೆ. ನಮಗೆ ಕನಕವೆಂದರೆ ಚಿನ್ನ, ಪಂಜಾಬಿಗಳಿಗೆ ಗೋಧಿ. ಹೆಸರು ಸುಮ್ಮನೆ ಬಂದದ್ದಲ್ಲ. ಎಳೆಯ ಗಿಡ ಗೋಧಿಯಂತೆಯೇ ಕಾಣುವುದರಿಂದ ತೆನೆ ಬರುವವರೆಗೂ ಅದನ್ನು ಗುರುತಿಸಿ ಕೀಳುವುದು ಕಷ್ಟ. ತೆನೆ ಬಂದ ಮೇಲೆ ಕಿತ್ತರೆ ನಷ್ಟ ಆಗಿಯೇ ಹೋಗಿರುತ್ತದೆ.

ಮೆಕ್ಸಿಕೋದ ಗಿಡ್ಡ ಗೋಧಿಯೊಂದಿಗೆ ಈ ಕಳೆಯೂ ಬಂತೆಂಬ ಮಾತಿದೆ. ನಿಜವಾಗಿ ಅದು ಮೊದಲೇ ಇಲ್ಲಿತ್ತು. 1960ರ ದಶಕದ ಹಸಿರು ಕ್ರಾಂತಿ ಅದಕ್ಕೆ ಅನುಕೂಲ ಮಾಡಿಕೊಟ್ಟಿತು, ಅಷ್ಟೆ. ಎತ್ತರದ ನಾಟಿ ಗೋಧಿಯ ನೆರಳು ಹೋಯಿತು, ನೀರು ಗೊಬ್ಬರ ಧಾರಾಳವಾಯಿತು. ಗೋಧಿಗೆ ಮುಂಚೆ ಅದೇ ನೆಲದಲ್ಲಿ ಭತ್ತ ಬೆಳೆಯತೊಡಗಿದಾಗ ಆ ತೇವವೂ ಕಳೆಗೆ ಒಗ್ಗಿತು. 1970ರ ದಶಕದ ಕೊನೆಯಲ್ಲಿ ಐಸೋಪ್ರೊಟ್ಯುರಾನ್ ಎಂಬ ಕಳೆನಾಶಕ ಬಂದಾಗ ರೈತರು ನಿಟ್ಟುಸಿರು ಬಿಟ್ಟರು. ಅಗ್ಗ, ಬಳಸಲು ಸುಲಭ. ಹತ್ತು ಹದಿನೈದು ವರ್ಷ ಅದನ್ನೊಂದನ್ನೇ ಬಳಸಿದರು.

ಮದ್ದು ಕೆಲಸ ಮಾಡುತ್ತಿಲ್ಲವೆಂಬ ದೂರು ಬಂದಾಗ ಮೊದಲು ಅನುಮಾನ ಬಿದ್ದದ್ದು ಕಲಬೆರಕೆಯ ಮೇಲೆ, ಸಿಂಪಡಿಸಿದ ರೀತಿಯ ಮೇಲೆ. ಹಿಸಾರ್‌ನ ಕೃಷಿ ವಿಶ್ವವಿದ್ಯಾಲಯದ ಆರ್.ಕೆ. ಮಲಿಕ್ ಮತ್ತು ಸಮುಂದರ್ ಸಿಂಗ್ ಪರೀಕ್ಷಿಸಿ, ಕಳೆಯೇ ಬದಲಾಗಿದೆ ಎಂದು ತೋರಿಸಿದರು. ಅವರ ಲೇಖನ 1995ರಲ್ಲಿ ಪ್ರಕಟವಾಯಿತು. ಐಸೋಪ್ರೊಟ್ಯುರಾನ್ ಗೋಧಿಯನ್ನು ಕೊಲ್ಲದಿರುವುದಕ್ಕೆ ಕಾರಣ, ಗೋಧಿ ಅದನ್ನು ತನ್ನೊಳಗೇ ಒಡೆದು ನಿರುಪದ್ರವಿ ಮಾಡಿಬಿಡುತ್ತದೆ. ಆ ಶಕ್ತಿಯಿದ್ದ ಕೆಲವೇ ಕಳೆಗಿಡಗಳು ಪ್ರತಿವರ್ಷ ಉಳಿದು ಬೀಜ ಉದುರಿಸಿದವು, ಉಳಿದವು ಸತ್ತವು. ವೇಷದಲ್ಲಿ ಗೋಧಿಯಂತಿದ್ದದ್ದು ಹೀಗೆ ಗುಣದಲ್ಲೂ ಗೋಧಿಯಂತಾಯಿತು!

ಜಗತ್ತಿಗೆ ಇದು ಹೊಸತಾಗಿರಲಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ನರ್ಸರಿಯೊಂದರಲ್ಲಿ ಸಿಮಜಿನ್‌ಗೆ ಬಗ್ಗದ ಕಳೆಯ ವರದಿ 1970ರಲ್ಲೇ ಬಂದಿತ್ತು. ಆದರೆ ಇಲ್ಲಿ ಪಣಕ್ಕಿದ್ದದ್ದು ದೇಶದ ಗೋಧಿ ಕಣಜ.

1990ರ ದಶಕ ಮುಗಿಯುವ ಮೊದಲೇ ಕ್ಲೋಡಿನಾಫಾಪ್, ಸಲ್ಫೊಸಲ್ಫ್ಯುರಾನ್ ಮುಂತಾದ ಹೊಸ ಮದ್ದುಗಳು ಬಂದವು. ನನಗೆ ಹೆಚ್ಚು ಮುಖ್ಯವೆನಿಸುವುದು ಅವುಗಳ ಜೊತೆಯಲ್ಲೇ ಬಂದ ಇನ್ನೊಂದು ಬದಲಾವಣೆ: ಉಳದೆ ಬಿತ್ತುವುದು. ಉತ್ತರೆ ಕಳೆ ಹೋಗುತ್ತದೆಂಬುದು ಹಳೆಯ ನಂಬಿಕೆ. ಟ್ರಾಕ್ಟರಿಗೆ ಕಟ್ಟುವ ಕೂರಿಗೆಯಿಂದ ಭತ್ತದ ಕೂಳೆಯ ನಡುವೆ ನೇರವಾಗಿ ಗೋಧಿ ಬಿತ್ತಿದಾಗ ಕಂಡದ್ದು ಬೇರೆ. ಮಣ್ಣು ಕದಡದ ಕಡೆ ಕಳೆ ಕಡಿಮೆ ಮೊಳೆಯಿತು. ಉಳುಮೆಯ ದಿನಗಳು ಉಳಿದು ಬಿತ್ತನೆ ಬೇಗ ಮುಗಿಯಿತು. ಚಳಿ ಬಿದ್ದ ಮೇಲೆ ಚೆನ್ನಾಗಿ ಹುಟ್ಟುವ ಗುಲ್ಲಿ ಡಂಡಾ ತಲೆ ಎತ್ತುವ ಹೊತ್ತಿಗೆ ಗೋಧಿ ಬೇರೂರಿರುತ್ತಿತ್ತು. ಡೀಸೆಲ್ ಖರ್ಚೂ ಇಳಿಯಿತು. ನಡುವೆ ಬರ್ಸೀಮ್ ಮೇವನ್ನೋ ಕಬ್ಬನ್ನೋ ಬೆಳೆದ ಹೊಲಗಳಲ್ಲಿ ಮೊದಲಿನಿಂದಲೂ ತೊಂದರೆ ಕಡಿಮೆಯಿತ್ತು. ಮೇವನ್ನು ಮತ್ತೆ ಮತ್ತೆ ಕೊಯ್ಯುವಾಗ ಬೀಜ ಕಟ್ಟುವ ಮೊದಲೇ ಕಳೆಯ ತಲೆಯೂ ಹೋಗುತ್ತಿತ್ತು.

ಆದರೂ ಭತ್ತ, ಗೋಧಿಗೆ ಇರುವಂಥ ಖಚಿತ ಖರೀದಿ ಬೇರೆ ಬೆಳೆಗಳಿಗೆ ಇಲ್ಲದ್ದರಿಂದ ಹೆಚ್ಚಿನವರು ಆ ಜೋಡಿಯನ್ನು ಬಿಡಲಿಲ್ಲ. 2010ರ ಹೊತ್ತಿಗೆ ಹೊಸ ಮದ್ದುಗಳಿಗೂ ಬಗ್ಗದ ಗುಲ್ಲಿ ಡಂಡಾ ಹರಿಯಾಣ, ಪಂಜಾಬಿನಲ್ಲಿ ಕಾಣಿಸಿಕೊಂಡಿತ್ತು. ಭತ್ತದ ಹುಲ್ಲನ್ನು ಸುಡದೆ ನೆಲಕ್ಕೇ ಹೊದಿಸಿ ಬಿತ್ತುವ ಕೆಲವರ ಹೊಲಗಳಲ್ಲಿ, ಆ ಹೊದಿಕೆಯಡಿ ಅದು ಈಗಲೂ ಕಡಿಮೆಯೇ ಏಳುತ್ತದೆ.