ಲಾರಿಯ ಗೇರ್ ಬಾಕ್ಸ್ ವಿನ್ಯಾಸಕಾರನ ವೃತ್ತಿ: ಒಂದು ಪರಿಚಯ

ಧನಕವಡಿಯಿಂದ ಸಾತಾರಾ ರಸ್ತೆಗೆ ಬಂದು ದಕ್ಷಿಣಕ್ಕೆ ಹೊರಟರೆ ಕಾತ್ರಜ್, ಅದರಾಚೆ ಘಟ್ಟ. ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಗಳಿಂದ ಹೆದ್ದಾರಿ ಹಿಡಿದು ಬರುವ ಲಾರಿಗಳು ಈ ಗುಡ್ಡವನ್ನು ದಾಟಿಯೇ ಪುಣೆಯನ್ನು ಸೇರುತ್ತವೆ. ಏರಿನಲ್ಲಿ ಎಂಜಿನ್ನಿನ ಸದ್ದು ಒಮ್ಮೆ ಕುಗ್ಗಿ ಮತ್ತೆ ಏಳುವ ಕ್ಷಣದಲ್ಲಿ ಚಾಲಕನು ಗೇರನ್ನು ಬದಲಿಸಿರುತ್ತಾನೆ. ಆ ಕ್ಷಣಕ್ಕಾಗಿ ತಮ್ಮ ವೃತ್ತಿಜೀವನವನ್ನೇ ಮುಡಿಪಿಟ್ಟ ಎಂಜಿನಿಯರುಗಳು ನಮ್ಮ ಈ ನಗರದಲ್ಲಿದ್ದಾರೆ.

ಟೆಲ್ಕೊ ಸಂಸ್ಥೆಯು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆನ್ಜ್ ಕಂಪನಿಯ ಸಹಯೋಗದಿಂದ ಜಮ್ಶೆಡ್‌ಪುರದಲ್ಲಿ ಲಾರಿಗಳ ತಯಾರಿಕೆಯನ್ನು ಆರಂಭಿಸಿತು. ಆ ಒಪ್ಪಂದ 1969ರಲ್ಲಿ ಮುಗಿಯಿತು. ಮುಂದೆ ನಮ್ಮ ಲಾರಿಯನ್ನು ನಾವೇ ರೂಪಿಸಬೇಕಾಗುವುದೆಂಬುದನ್ನು ಮನಗಂಡಿದ್ದ ಸುಮಂತ ಮೂಳಗಾಂವ್‌ಕರ್ ಅವರ ನಾಯಕತ್ವದಲ್ಲಿ, 1966ರಲ್ಲಿಯೇ ಪುಣೆಯಲ್ಲಿ ಸಂಶೋಧನಾ ಕೇಂದ್ರವು ಆರಂಭವಾಗಿತ್ತು. ವಾಹನಗಳನ್ನು ಪರೀಕ್ಷಿಸುವ ಎ.ಆರ್.ಎ.ಐ. ಸಂಸ್ಥೆಯೂ ಅದೇ ವರ್ಷದ್ದು. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಓದಿದ ಸುಧಾ ಮೂರ್ತಿಯವರು, ಮಹಿಳೆಯರು ಅರ್ಜಿ ಹಾಕುವಂತಿಲ್ಲವೆಂಬ ಟೆಲ್ಕೊ ಜಾಹೀರಾತನ್ನು 1974ರಲ್ಲಿ ಕಂಡು ಜೆ.ಆರ್.ಡಿ. ಟಾಟಾ ಅವರಿಗೆ ಕಾರ್ಡು ಬರೆದು, ಪುಣೆಯಲ್ಲಿ ಸಂದರ್ಶನಕ್ಕೆ ಹಾಜರಾಗಿ ಕೆಲಸಕ್ಕೆ ಸೇರಿದ ಸಂಗತಿ ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದದ್ದೇ.

ಗೇರ್ ಬಾಕ್ಸ್ ಹೊಸ ಶಕ್ತಿಯನ್ನೇನೂ ಸೃಷ್ಟಿಸುವುದಿಲ್ಲ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ವೇಗವನ್ನು ಒತ್ತೆಯಿಟ್ಟುಕೊಂಡು ಬಲವನ್ನು ಸಾಲ ಕೊಡುತ್ತದೆ. ಎಂಜಿನ್ 600 ನ್ಯೂಟನ್-ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ನೀಡುತ್ತಿದ್ದು, ಒಂದನೆಯ ಗೇರಿನ ಅನುಪಾತ ಏಳಕ್ಕೆ ಒಂದು ಎಂದಿದ್ದರೆ, ಹೊರಬರುವ ಬಲ ಹೆಚ್ಚುಕಡಿಮೆ 4200. ವೇಗ ಮಾತ್ರ ಏಳರಲ್ಲೊಂದು ಪಾಲು. ಹಲ್ಲುಗಳ ಘರ್ಷಣೆಗೆ ಹೋಗುವ ಅಲ್ಪ ಪಾಲನ್ನು ಬಡ್ಡಿಯೆನ್ನಬಹುದು. ಅಷ್ಟು ಬಲವನ್ನೂ ಒಂದು ಕ್ಷಣದಲ್ಲಿ ಹೊರುವುದು ಒಂದೆರಡು ಹಲ್ಲುಗಳು. ಆದುದರಿಂದ ಉಕ್ಕಿನ ಮೇಲ್ಪದರವನ್ನು ಕಠಿಣಗೊಳಿಸಿ, ಒಳಭಾಗವನ್ನು ಪೆಟ್ಟು ತಾಳುವಷ್ಟು ಮೃದುವಾಗಿ ಉಳಿಸುತ್ತಾರೆ. ಪೂರ್ತಿ ಗಟ್ಟಿಯಾದರೆ ಹಲ್ಲು ಮುರಿಯುತ್ತದೆ, ಪೂರ್ತಿ ಮೃದುವಾದರೆ ಸವೆಯುತ್ತದೆ.

ಮೆಕ್ಯಾನಿಕಲ್ ಪದವಿ ಪಡೆದು ಟ್ರೇನಿಯಾಗಿ ಸೇರುವ ತರುಣನಿಗೆ ಮೊದಲು ಸಿಗುವುದು ಇಡೀ ಗೇರ್ ಬಾಕ್ಸಲ್ಲ, ಒಂದು ಶಾಫ್ಟು ಅಥವಾ ಬೇರಿಂಗಿನ ಲೆಕ್ಕ. ಹಿಂದೆ ಡ್ರಾಯಿಂಗ್ ಬೋರ್ಡು, ಇಂದು ಕಂಪ್ಯೂಟರು. ಅನಂತರ ಮಾದರಿಯನ್ನು ಪರೀಕ್ಷಾ ಯಂತ್ರದಲ್ಲಿ ಹಗಲಿರುಳು ಓಡಿಸಿ, ಒಡೆದ ಹಲ್ಲನ್ನು ಕೈಯಲ್ಲಿ ಹಿಡಿದು ಕಾರಣ ಹುಡುಕಬೇಕು. ಹೊಸದೊಂದು ಗೇರ್ ಬಾಕ್ಸ್ ರಸ್ತೆಗಿಳಿಯಲು ಕೆಲವು ವರ್ಷಗಳೇ ಹಿಡಿಯುವುದರಿಂದ, ಮೂವತ್ತೈದು ವರ್ಷಗಳ ಸೇವೆಯಲ್ಲಿ ತನ್ನದೆಂದು ಹೇಳಬಹುದಾದವು ಬೆರಳೆಣಿಕೆಯಷ್ಟೇ. ಅವುಗಳ ಮೇಲೆ ಅವನ ಹೆಸರಿರುವುದಿಲ್ಲ. ವಿನ್ಯಾಸದ ಆಧಾರವೂ ಕಾಲಕಾಲಕ್ಕೆ ಬದಲಾಗುತ್ತದೆ. 2018ರಲ್ಲಿ ಸರಕಾರವು ನಾಲ್ಕು ಟೈರುಗಳ ಒಂಟಿ ಆಕ್ಸಲ್ ಮೇಲಿನ ಭಾರದ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿದಾಗ ಹಳೆಯ ಲೆಕ್ಕಗಳನ್ನು ಮತ್ತೆ ತೆರೆಯಬೇಕಾಯಿತು.

ಹಳೆಯ ಲಾರಿಗಳಲ್ಲಿ ಚಾಲಕನು ಪ್ರತಿ ಗೇರಿಗೂ ಎರಡು ಸಲ ಕ್ಲಚ್ಚನ್ನು ತುಳಿಯಬೇಕಿತ್ತು. ಈ ಶ್ರಮವನ್ನು ತಪ್ಪಿಸಿದ್ದು ಸಿಂಕ್ರೋಮೆಷ್. ಚಲಿಸುವ ರೈಲನ್ನು ಹಿಡಿಯುವವನು ಅದರ ಜೊತೆಗೇ ಓಡಿ ಹತ್ತುವಂತೆ, ಒಂದು ಉಂಗುರವು ಎರಡು ಭಾಗಗಳ ವೇಗವನ್ನು ಸಮಗೊಳಿಸಿದ ಮೇಲೆಯೇ ಗೇರು ಬೀಳುತ್ತದೆ. ಅಮೆರಿಕದ ಅರ್ಲ್ ಥಾಂಪ್ಸನ್ ಅವರ ಈ ವಿನ್ಯಾಸ 1928ರಲ್ಲಿ ಕ್ಯಾಡಿಲಾಕ್ ಕಾರಿಗೆ ಬಂದಿತು. ನಮ್ಮ ಲಾರಿಗಳಿಗೆ ಬಂದದ್ದು ದಶಕಗಳ ಅನಂತರ.

ಗೇರು ಏರಿಗೆ ಮಾತ್ರ ಬೇಕೆಂಬುದು ತಪ್ಪು ತಿಳಿವಳಿಕೆ. ಧನಕವಡಿಗೆ ಸಮೀಪದಲ್ಲಿಯೇ, ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಯವರೆಗೆ ಹೆದ್ದಾರಿಯು ಇಳಿಜಾರಾಗಿದೆ. 2022ರ ನವೆಂಬರ್ 20ರ ರಾತ್ರಿ ಅಲ್ಲಿ ಲಾರಿಯೊಂದು ಸುಮಾರು 48 ವಾಹನಗಳನ್ನು ಜಖಂಗೊಳಿಸಿತು. ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿದ್ದು ಕಾರಣವೆಂದು ಪತ್ರಿಕೆಗಳಲ್ಲಿ ವರದಿಯಾಯಿತು. ಡೀಸೆಲ್ ಉಳಿಸುವ ಆಸೆಯಿಂದ ಹೀಗೆ ಮಾಡುವವರಿದ್ದಾರೆ. ಆದರೆ ಈಗಿನ ಎಂಜಿನ್ನುಗಳಲ್ಲಿ, ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಡೀಸೆಲ್ ಹರಿಯುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಾದರೋ ಎಂಜಿನ್ ಉರಿಯುತ್ತಿರಲು ಅಷ್ಟಿಷ್ಟು ಬೇಕೇ ಬೇಕು. ಎಂಜಿನ್ನನ್ನೇ ನಿಲ್ಲಿಸಿದರೆ ಬ್ರೇಕಿಗೆ ಬೇಕಾದ ಗಾಳಿಯೂ ತುಂಬುವುದಿಲ್ಲ. ಕೆಳಗಿನ ಗೇರಿನಲ್ಲಿ ಇಳಿಯುವ ಲಾರಿಯನ್ನು ಎಂಜಿನ್ ತಾನೇ ಹಿಡಿದೆಳೆಯುತ್ತದೆ. ವಿನ್ಯಾಸಕಾರನು ಕೊಟ್ಟ ಈ ಹಿಡಿತವನ್ನು ನ್ಯೂಟ್ರಲ್ ಒಂದೇ ಏಟಿಗೆ ಕಳಚಿಬಿಡುತ್ತದೆ. ಆ ರಸ್ತೆಯಲ್ಲಿ ದಿನವೂ ಸ್ಕೂಟರಿನಲ್ಲಿ ಓಡಾಡುವ ಮಕ್ಕಳಿರುವ ಮನೆಯವರಿಗೆ ಇದು ದೂರದ ವಿಷಯವಲ್ಲ.

ಚಾಲಕನ ಕೈಯಿಂದ ಈ ನಿರ್ಧಾರವನ್ನು ತೆಗೆದುಕೊಳ್ಳುವ ಪ್ರಯತ್ನವೂ ನಡೆದಿದೆ. ವೋಲ್ವೊ ಕಂಪನಿಯ ಐ-ಶಿಫ್ಟ್ 2001ರಲ್ಲಿ ಬಂದಿತು. ಅದರಲ್ಲಿ ಗೇರನ್ನು ಆರಿಸುವುದು ಕಂಪ್ಯೂಟರು. ಈಗ ವಿದ್ಯುತ್ ಲಾರಿಗಳ ಕಾಲ. ಮೋಟಾರು ನಿಂತಲ್ಲಿಂದಲೇ ಪೂರ್ಣ ಬಲ ನೀಡುವುದರಿಂದ ಹೆಚ್ಚು ಗೇರುಗಳು ಬೇಕಿಲ್ಲ. ಇದನ್ನು ಕಂಡು ಕೆಲಸವೇ ಮುಗಿಯಿತೆಂದು ಹೆದರುವ ತಂದೆತಾಯಿಗಳಿದ್ದಾರೆ. ಆದರೆ ಎಂಜಿನ್ನಿನ ಗದ್ದಲ ಹೋದ ಮೇಲೆ, ಅದರಡಿ ಅಡಗಿದ್ದ ಹಲ್ಲುಗಳ ಸದ್ದು ಈಗ ಸ್ಪಷ್ಟವಾಗಿ ಕೇಳಿಸತೊಡಗಿದೆ. ಅದನ್ನು ಅಡಗಿಸಲು ಹಲ್ಲಿನ ಆಕಾರವನ್ನು ಮಿಲಿಮೀಟರಿನ ಸಾವಿರದ ಪಾಲುಗಳಲ್ಲಿ ತಿದ್ದುವ ಕೆಲಸ ಇಂದಿನ ತರುಣ ವಿನ್ಯಾಸಕಾರರ ಪಾಲಿಗೆ ಬಂದಿದೆ.